ಗೌರಕ್ಕನ ನಾಷ್ಟಾ

೧೬ ನವೆಂಬರ್ ೨೦೨೫, ಭಾನುವಾರ

ಎಂಟನೇ ವಾರದ ಆನ್‌ಲೈನ್ ಆರೋಗ್ಯ ಪಾಠಕ್ಕೂ ಬೇಸರದಿಂದಲೇ ಲ್ಯಾಪ್‌ಟಾಪ್ ತೆರೆದೆ. ಹೈಸ್ಕೂಲ್ ಹುಡುಗಿಯರೆಲ್ಲರ ಕ್ಯಾಮೆರಾ ಯಾವಾಗಲೂ ಆಫ್. ಕೇಳುತ್ತಾರೋ ಇಲ್ಲವೋ ತಿಳಿಯದು. ಇವತ್ತು ಬೆಂಗೇರಿಯ ಸೌಮ್ಯಾ ತಾನಾಗಿ ಆನ್ ಮಾಡಿದಳು. ಅಡುಗೆಮನೆಯಲ್ಲಿ ಕೂತಿದ್ದಳು, ಹಿಂದೆ ತಾಯಿ ಗೌರಕ್ಕ ನಿಂತಿದ್ದರು.

"ಮುಂಜಾನಿ ನಾಷ್ಟಾ ಬಿಡಬ್ಯಾಡ್ರಿ ಅಂದಿದ್ರಲ್ರಿ ಮೇಡಂ, ನಮ್ಮವ್ವಗೂ ಹೇಳ್ರಿ. ನಾ ಹಟಾ ಮಾಡದಿದ್ರ ಎಲ್ಲಾರಿಗೂ ಹಾಕಿಕೊಟ್ಟು ತಾ ಮಧ್ಯಾಹ್ನಕ್ಕ ಉಣ್ತಾಳ."

ಗೌರಕ್ಕ ನಾಚಿಕೊಂಡರು. "ಹದಿನೈದು ದಿನಾತ್ರಿ, ನಾ ಕೂಡೂತನಕ ಈಕಿ ತಾಟಿಗೆ ಕೈ ಹಚ್ಚವಲ್ಲಳ್ರಿ."

"ಹಂಗಾರ ಈಗ ಕೂಡ್ರಿ ಅಕ್ಕಾರ," ಎಂದೆ.

ತಾಯಿ, ಮಗಳು ಇಬ್ಬರೂ ಅವಲಕ್ಕಿ ತಿನ್ನತೊಡಗಿದರು. ಅದನ್ನು ನೋಡಿ ಮತ್ತೆ ಮೂವರು ಕ್ಯಾಮೆರಾ ಆನ್ ಮಾಡಿದರು. ಮಾತಾಡುತ್ತಾ ಪಾಠದ ಹೊತ್ತು ಮುಗಿದೇಹೋಗಿತ್ತು. ಯಾರೂ ಎದ್ದು ಹೋಗಲಿಲ್ಲ. ನನಗೂ ನಿಲ್ಲಿಸುವ ಮನಸ್ಸಾಗಲಿಲ್ಲ.