ಸಾವಿರದ ಇನ್ನೂರು ಕೋಟಿ ಏಟು

9 ಏಪ್ರಿಲ್ 2012, ಸೋಮವಾರ

ಶಿಫ್ಟ್ ಮುಗಿಸಿ ಬಂದೆ. ಒಂಬೈನೂರು ಏಟು. ಕಾದ ಕಬ್ಬಿಣ ಬಡಿಯುವ ಹ್ಯಾಮರಿನ ಬೆಲ್ಟ್ ಮತ್ತೆ ಜಾರುತ್ತಿದೆ. ಸೂಪರ್‌ವೈಸರನಿಗೆ ಮೂರನೇ ಸಲ ಹೇಳಿದೆ. ದಂಡಪಿಂಡ.

ನಾಗಸಂದ್ರದ ಶೀಟಿನ ಮನೆ ನಿನ್ನೆ ಖಾಲಿ ಮಾಡಿದೆವು. ಮಾಲೀಕ ರಾಮಾಂಜಿನಪ್ಪ ಅದನ್ನು ಕೆಡವುತ್ತಾನಂತೆ. ಪಕ್ಕದ ಬಿಲ್ಡಿಂಗಿನ ಮೂರನೇ ಮಹಡಿ ಕೊಟ್ಟಿದ್ದಾನೆ. ಹೆಂಡತಿ ಬಸಕ್ಕ ಮೆಟ್ಟಿಲು ಹತ್ತುವಾಗ ಗೋಡೆ ತಟ್ಟಿ ತಟ್ಟಿ ನೋಡಿದಳು. ಯಾಕೆ ಎಂದರೆ, "ಏನಿಲ್ಲ ತಗೋರಿ" ಎಂದಳು.

11 ಏಪ್ರಿಲ್, ಬುಧವಾರ

ಮಧ್ಯಾಹ್ನ ಎರಡೂಕಾಲಿಗೆ ಭೂಮಿ ನಡುಗಿತಂತೆ. ನನಗೆ ಗೊತ್ತೇ ಆಗಲಿಲ್ಲ. ಒಂದು ಟನ್ನಿನ ಹ್ಯಾಮರ್ ಪಕ್ಕ ನಿಂತವನಿಗೆ ದಿನವೂ ಭೂಕಂಪವೇ.

ಬಂದು ನೋಡಿದರೆ ಬಸಕ್ಕ ಬೀದಿಯಲ್ಲಿ. ಬರಿಗಾಲು. ಮೇಲೆ ಹಂಚಿನಲ್ಲಿ ರೊಟ್ಟಿ ಕರಕಲು.

"ಮ್ಯಾಲ ನಡಿ."

"ನಾ ಬರಲ್ಲ."

"ಎಲ್ಲೋ ಸಮುದ್ರದಾಗ ಆಗ್ಯಾದಂತ. ಟಿವಿಯವ್ರು ಬಡ್ಕೊಳ್ಳಾಕತ್ತಾರ."

"ನೀವು ಹೋಗ್ರಿ. ನಾ ಬರಲ್ಲ."

ರಾಮಾಂಜಿನಪ್ಪ ಬೇರೆ ಬಂದ. "ಏನ್ ಅಮರಪ್ಪ, ನಿನ್ ಹೆಂಡ್ರಿಗೆ ನನ್ ಬಿಲ್ಡಿಂಗ್ ಮ್ಯಾಲೆ ನಂಬ್ಕೆ ಇಲ್ವೇನಯ್ಯಾ? ಕಂಬಿ ಎಷ್ಟ್ ಆಕಿವ್ನಿ ಗೊತ್ತಾ?"

ನಿನ್ನ ಕಂಬಿ ನೀನೇ ಎಣಿಸಿಕೋ ಎಂದೆ. ಕೆಳಗಿನ ಪಂಪಿನ ಕೋಣೆಯ ಕೀಲಿ ಇಸಿದುಕೊಂಡೆ. ಅಲ್ಲೇ ಚಾಪೆ ಹಾಸಿದಳು.

ಬೈಯಬೇಕೆಂದುಕೊಂಡೆ. ಅರ್ಧ ಬೈದು ನಿಲ್ಲಿಸಿದೆ. 93ರ ಕಿಲ್ಲಾರಿ ಭೂಕಂಪ ನೆನಪಾಯಿತು. ಅವಳ ತಂಗಿಯನ್ನು ಆ ಕಡೆಯ ಹಳ್ಳಿಗೆ ಕೊಟ್ಟಿತ್ತು. ಬಾಣಂತನ ಮಾಡಲು ಇವಳು ಹೋಗಿದ್ದಳು. ಇವಳು ಅಂಗಳದಲ್ಲಿ ಮಲಗಿದ್ದಳು, ತಂಗಿ-ಕೂಸು ಒಳಗೆ. ಕಲ್ಲು ಮಣ್ಣಿನ ಮನೆ... ಇವಳೊಬ್ಬಳು ಉಳಿದಳು. ನಾನು ಪೀಣ್ಯದಿಂದ ಹೋಗಿ ತಲುಪಿದ್ದು ಮೂರನೇ ದಿನ.

12 ಏಪ್ರಿಲ್

ಎರಡನೇ ಮಹಡಿಯಲ್ಲಿ ಶೈಲಶ್ರೀ ಎಂಬ ಹುಡುಗಿ. ಕೊಪ್ಪಳದವಳು, ಡಿಪ್ಲೊಮಾ ಓದುತ್ತಾಳೆ. ಅವಳನ್ನು ಹಿಡಿದೆ. ನಿನ್ನೆ ಟಿವಿಯಲ್ಲಿ ಭೂಕಂಪದ ಅಳತೆ ಮೊದಲು 8.9 ಅಂದರು, ಆಮೇಲೆ 8.7, ಈಗ 8.6. ಏನಿದು, ತರಕಾರಿ ಚೌಕಾಸಿಯೇ?

"ಮೊದ್ಲು ಸಿಕ್ಕಷ್ಟ ಅಲೆ ನೋಡಿ ಹೇಳ್ತಾರ ಕಾಕಾ. ಆಮ್ಯಾಲೆ ಎಲ್ಲಾ ಕಡೆ ಮಷಿನ್ನಿಂದ ಬಂದದ್ದು ಕೂಡಿಸಿ ತಿದ್ತಾರ."

"ಮೂರು ಪಾಯಿಂಟಿಗೆ ಇಷ್ಟು ಒದ್ದಾಟನಾ?"

"ಅಷ್ಟಕ್ಕ ಶಕ್ತಿ ಮೂರನೇ ಒಂದು ಪಾಲಿಗೆ ಇಳೀತು!"

ಒಂದು ಅಂಕಿ ಏರಿದರೆ ಶಕ್ತಿ ಮೂವತ್ತೆರಡು ಪಟ್ಟಂತೆ. ಎರಡು ಏರಿದರೆ ಸಾವಿರ ಪಟ್ಟು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನ ಹತ್ತಿರ ಆಟವಾಡಬೇಡ, ನನ್ನ ಹ್ಯಾಮರ್ ಲೆಕ್ಕದಲ್ಲಿ ಹೇಳು ಎಂದೆ. ತೂಕ ಎಷ್ಟು, ಎಷ್ಟು ಎತ್ತರದಿಂದ ಬೀಳುತ್ತದೆ ಎಂದಳು. ಒಂದು ಟನ್, ಒಂದು ಮೀಟರ್. ಮೊಬೈಲ್ ಒತ್ತಿದಳು. ಕಿಲ್ಲಾರಿ 6.2. ಅಂದರೆ ಹೆಚ್ಚುಕಡಿಮೆ ಸಾವಿರದ ಇನ್ನೂರು ಕೋಟಿ ಏಟು. ನಿನ್ನೆಯದು ಅಂಥ ನಾಲ್ಕು ಸಾವಿರ ಕಿಲ್ಲಾರಿ.

ಇಪ್ಪತ್ತೆಂಟು ವರ್ಷದಲ್ಲಿ ನಾನು ಒಂದು ಕೋಟಿ ಏಟೂ ಹೊಡೆದಿಲ್ಲ.

13 ಏಪ್ರಿಲ್

ಕತ್ತೆ ನಾನು. ಬಸಕ್ಕನಿಗೆ ಧೈರ್ಯ ಹೇಳಲು ಹೋದೆ. ನಾಲ್ಕು ಸಾವಿರ ಕಿಲ್ಲಾರಿ ಆಗಿಯೂ ನಿನಗೇನೂ ಆಗಲಿಲ್ಲ, ಇನ್ನೇನು ಹೆದರಿಕೆ ಎಂದೆ. ಅವಳಿಗೆ ನಾಲ್ಕು ಸಾವಿರ ಮಾತ್ರ ಕೇಳಿಸಿತು. ಚೀಲ ತುಂಬಿದಳು. 22ಕ್ಕೆ ಬಸ್ಸು, ಆಳಂದಕ್ಕೆ, ಅಣ್ಣನ ಮನೆಗೆ.

"ಎಷ್ಟು ದಿನಕ್ಕ?"

"ಇನ್ನ ಇಲ್ಲಿಗಿ ಬರಲ್ಲ. ನೀವು ಕೆಲಸ ಮುಗಿಸಿ ಬರ್ರಿ. ರಿಟೈರ್ ಆಗಾಕ ಎರಡು ವರ್ಷ, ಏನ್ ಮಹಾ. ಫೋನ್ ಮಾಡ್ತೀನಿ."

"ಫೋನಿಗೆ ರೊಟ್ಟಿ ಬಡಿಲಿಕ್ಕೆ ಬರ್ತದೇನು?"

ಚೀಲದ ಬಾಯಿ ಕಟ್ಟಿದಳು.

20 ಏಪ್ರಿಲ್, ಶುಕ್ರವಾರ

ಊಟದ ಬಿಡುವಿನಲ್ಲಿ ಬಸಕ್ಕನನ್ನು ಫ್ಯಾಕ್ಟರಿಗೆ ಕರೆದೊಯ್ದೆ. ಇಷ್ಟು ವರ್ಷದಲ್ಲಿ ಮೊದಲ ಸಲ. "ಅಕ್ಕ ಬಂದವ್ರೆ, ಅಮರಪ್ಪಣ್ಣ ಸೈಲೆಂಟು ಕಣ್ರೋ!" ಎಂದು ಹುಡುಗರು ಕಿಚಾಯಿಸಿದರು. ಮುಚ್ಚಿಕೊಂಡು ಊಟ ಮಾಡಿ ಎಂದೆ.

ತಂಬಿಗೆ ತುಂಬ ನೀರು ತುಂಬಿ ಹ್ಯಾಮರಿನ ಹತ್ತಿರ ಇಟ್ಟೆ. ಒಂದು ಏಟು. ನೀರು ನೆಲಕ್ಕೆ ಚೆಲ್ಲಿತು. ಮತ್ತೆ ತುಂಬಿ, ಗೇಟಿನ ಬಳಿ ಇಟ್ಟುಕೊಂಡು ನೋಡು ಎಂದೆ. ಸಣ್ಣಗೆ ನಡುಗಿತಂತೆ. ರಸ್ತೆಯಾಚೆ ಟೀ ಅಂಗಡಿಯ ಕಟ್ಟೆ ಮೇಲೆ ಇಟ್ಟಾಗ ನೀರು ಅಲುಗಲೇ ಇಲ್ಲವಂತೆ.

"ಏಟು ಒಂದೇ, ಬಸೂ. ಅದರ ಶಕ್ತಿ ಬದಲಾಗಲ್ಲ. ನಡುಗೋದು ಮಾತ್ರ ನಿಂತ ಜಾಗದ ಮ್ಯಾಲೆ. ಕಿಲ್ಲಾರಿ ಕಾಲ ಬುಡಕ್ಕ ಬಡೀತು. ಇದು ಎರಡು ಸಾವಿರ ಕಿಲೋಮೀಟರ್ ಆಚಿ."

ಹ್ಯಾಮರನ್ನೇ ನೋಡುತ್ತಿದ್ದಳು.

"ನೀವು ದಿನಾ ಇದರ ಬಾಜೂಕ ನಿಂದರತೀರೇನು?"

"ಹೂಂ."

"ಅದಕ್ಕ ನಾ ಅಂದಿದ್ದು ಒಂದೂ ಕೇಳಲ್ಲ ನಿಮಗ."

ಆಮೇಲೆ ಕೇಳಿದಳು, "ಖರೇ ಹೇಳ್ರಿ. ಬೆಂಗಳೂರಿನ ಬುಡಕ್ಕ ಎಂದೂ ಬಡಿಯಲ್ಲೇನು?"

ಗೊತ್ತಿಲ್ಲ ಎಂದೆ. ಸುಳ್ಳು ಬಾಯಿಗೆ ಬರಲಿಲ್ಲ.

21 ಏಪ್ರಿಲ್

ಚಹಾ ಕೊಡುತ್ತಾ ತಾನಾಗಿಯೇ ಹೇಳಿದಳು. ತಂಗಿ ಅವತ್ತು ಒಳಗಿನಿಂದ ಕೂಗುತ್ತಿದ್ದಳಂತೆ. ಒಳಚಿಲಕ ಹಾಕಿತ್ತು. ಇವಳು ಹೊರಗಿನಿಂದ ದಬ್ಬಿದಳು, ದಬ್ಬಿದಳು... ಹತ್ತೊಂಬತ್ತು ವರ್ಷ ನನಗೆ ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ.

"ಮಹಡಿಗಿ ಅಂಜಲ್ಲರಿ ನಾ. ಮೊನ್ನಿ ನಡುಗಿದಾಗ ಆ ಹೊಸಾ ಚಿಲಕ ಲಗೂನ ತಗೀಲಕ್ಕ ಬರಲಿಲ್ಲ. ನಾ ಒಳಗಿದ್ದೆ."

ದಿನವೂ ಕೆಲಸಕ್ಕೆ ಹೊರಡುವಾಗ "ಚಿಲಕ ಹಾಕ್ಕೋ" ಎಂದು ಕಿರುಚುವವನು ನಾನೇ.

22 ಏಪ್ರಿಲ್, ಭಾನುವಾರ, ಸಂಜೆ ಐದೂವರೆ

ಬಸ್ಸು ಎಂಟಕ್ಕೆ.

ಬೆಳಿಗ್ಗೆ ಸ್ಕ್ರೂಡ್ರೈವರ್ ಹಿಡಿದು ಚಿಲಕ ಕಿತ್ತೆ. ಬಚ್ಚಲಿನದೂ ಕಿತ್ತೆ. ರಾಮಾಂಜಿನಪ್ಪ ಓಡಿಬಂದ.

"ಏಯ್, ಕಳ್ರು ಬಂದ್ರೆ ಏನಯ್ಯಾ ಮಾಡ್ತೀಯಾ?"

"ಬಂದ್ರೆ ಕೂರಿಸಿ ರೊಟ್ಟಿ ಕೊಡ್ತೀನಿ. ನಡಿ ಅತ್ಲಾಗೆ."

ಮಧ್ಯಾಹ್ನ ಅವಳಿಗೆ ಹೇಳಿದೆ. ಚಿಲಕ ಇಲ್ಲ ಈಗ. ಹೋಗುವವಳು ಹೋಗು, ಒಂದು ಸಲ ಮೇಲೆ ಬಂದು ನೋಡಿ ಹೋಗು. ಇರು ಎನ್ನಬೇಕಿತ್ತು. "ನೋಡೋಣ ಬಿಡ್ರಿ" ಎಂದಳು.

ಬಾಗಿಲು ಹಾರು ಹೊಡೆದು ಕೂತು ಬರೆಯುತ್ತಿದ್ದೇನೆ. ಇಲ್ಲಿಂದ ಮೆಟ್ಟಿಲು ಕಾಣುತ್ತದೆ. ನಾಲ್ಕರಿಂದ ಯಾರೂ ಹತ್ತಿಲ್ಲ.

ಬಂದಳು. ಎರಡನೇ ಮಹಡಿಯ ತಿರುವಿನಲ್ಲಿ ನಿಂತಿದ್ದಾಳೆ, ಏದುಸಿರು. ಚೀಲವೂ ತಂದಿದ್ದಾಳೆ. ಬಸ್ಸಿಗೆ ಹೋಗುವವರು ಯಾರಾದರೂ ಚೀಲ ಮೇಲಕ್ಕೆ ಹೊತ್ತು ತರುತ್ತಾರೆಯೇ? ಮುದುಕಿಗೆ ಬುದ್ಧಿಯಿಲ್ಲ, ಅಷ್ಟು ಭಾರ... ಹೋಗಿ ಇಸಿದು—