ಇಸ್ತ್ರಿ ಡಾಕ್ಟರು ಮತ್ತು ಹಸಿರು ಮುಲಾಮು

ಮನೆಯಿಂದ,
ಭಾನುವಾರ, ಜೂನ್ ೧೪

ಪ್ರೀತಿಯ ನಮ್ಮನೆಯವರಿಗೆ,

ನಿಮ್ಮ ಬೆನ್ನುನೋವು ಹೇಗಿದೆ? ಹಡಗಿನ ಎಂಜಿನ್ ಕೋಣೆಯಲ್ಲಿ ಬೆವರಿ, ಹಾಗೇ ಮೇಲೆ ಬಂದು ಗಾಳಿಗೆ ನಿಲ್ಲಬೇಡಿ ಎಂದು ಎಷ್ಟು ಸಲ ಬರೆಯಲಿ? ನಿಲ್ಲುವುದಿಲ್ಲ ಎಂದು ನೀವು ಬರೆದರೂ ನಾನು ನಂಬುವುದಿಲ್ಲ, ಅದು ಬೇರೆ ಮಾತು. ಪುಟ್ಟಿಗೆ ಮುಂದಿನ ಹಲ್ಲು ಬಿದ್ದು, ನಗುವಾಗ ಬಾಯಿಗೆ ಕೈ ಅಡ್ಡ ಇಡುತ್ತಾಳೆ. ಅತ್ತೆ ಪಕ್ಕದಲ್ಲೇ ಕೂತು ಅವಳ ತಲೆ ಬಾಚುತ್ತಿದ್ದಾರೆ. ಬರೆದಾದ ಮೇಲೆ ಎಲ್ಲವನ್ನೂ ಓದಿ ಹೇಳಬೇಕಂತೆ, ಹಾಗಾಗಿ ಅವರ ಮೇಲಿನ ದೂರುಗಳನ್ನೆಲ್ಲ ಈ ಸಲ ನುಂಗಿಕೊಂಡಿದ್ದೇನೆ.

ಅತ್ತೆಯ ಬಲಗೈ ಮಣಿಕಟ್ಟಿನ ನೋವಿನ ಬಗ್ಗೆ ಬರೆದಿದ್ದೆನಲ್ಲ, ಅದಕ್ಕೆ ಒಂದು ಚಿಕಿತ್ಸೆ ಶುರು ಮಾಡಿಸಿದೆವು. ಕೈ ಹೀಗೇ ಇದ್ದರೆ ಹೊಲಿಗೆ ನಿಂತೇಹೋಗುತ್ತದೆ ಎಂದು ಅವರಿಗೆ ಚಿಂತೆ. ಹೊಲಿಗೆ ಇಲ್ಲದ ಅತ್ತೆಯ ಜೊತೆ ಒಂದೇ ಮನೆಯಲ್ಲಿ ಇರಬೇಕಲ್ಲ ಎಂದು ನನಗೂ ಚಿಂತೆ. ಔಷಧಿ ಅಂಗಡಿಯ ಮಹಡಿಯ ಮೇಲೆ ಹೊಸದಾಗಿ ಒಬ್ಬರು ಬಂದು ಕೂತಿದ್ದಾರೆ. ಸೊಪ್ಪು, ಬೇರು ಅರೆದು ಸೋಸಿ ಮಾಡಿದ ಹಸಿರು ಮುಲಾಮು ಹಚ್ಚುತ್ತಾರೆ. ಅದರ ಮೇಲೆ, ವೈರಿನ ತುದಿಯಲ್ಲಿರುವ ಚಪ್ಪಟೆ ಲೋಹದ ತಲೆಯನ್ನು ಸುತ್ತ ಸುತ್ತ ಆಡಿಸುತ್ತಾರೆ, ಥೇಟ್ ಇಸ್ತ್ರಿ ಹಾಕಿದ ಹಾಗೆ. ಬರೀ ಕೈಯಿಂದ ತಿಕ್ಕಿದರೆ ಮುಲಾಮು ಚರ್ಮದ ಮೇಲೇ ಉಳಿಯುತ್ತದಂತೆ, ಯಂತ್ರದಿಂದ ಹೊರಡುವ ಶಬ್ದದ ಅಲೆ ಅದನ್ನು ಒಳಗೆ ತಳ್ಳುತ್ತದಂತೆ. ಶಬ್ದ ಎಲ್ಲಿ ಎಂದು ಕೇಳಿದೆ. ಅದು ಮನುಷ್ಯರ ಕಿವಿಗೆ ಕೇಳಿಸುವುದಿಲ್ಲ ಎಂದರು. ಎಷ್ಟು ಅನುಕೂಲ ನೋಡಿ. ಕೇಳಿಸದ ಶಬ್ದ, ಕಾಣದ ಅಲೆ, ಒಳಗೆ ಹೋಗಿ ಮಾಯವಾಗುವ ಔಷಧಿ. ಇಷ್ಟು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವಳ ಕಿವಿಗೆ ಹೂ ಇಡುವುದು ಅಷ್ಟು ಸುಲಭವೇ? ನನ್ನನ್ನು ಕಂಡೊಡನೆ ನಿದ್ದೆಗೆ ಜಾರುವ ಪ್ರಯಾಣಿಕರನ್ನು ರೆಪ್ಪೆ ನೋಡಿಯೇ ಹಿಡಿಯುವವಳು ನಾನು.

ಅಂದಿನಿಂದ ಇಸ್ತ್ರಿ ಡಾಕ್ಟರ ಮೇಲೆ ಕಣ್ಣಿಟ್ಟೆ. ಯಂತ್ರದಲ್ಲಿ ಒಂದು ದೀಪ ಹತ್ತುತ್ತದೆ. ದೀಪವನ್ನು ಯಾರು ಬೇಕಾದರೂ ಹತ್ತಿಸಬಹುದು. ಮುಲಾಮಿನ ಡಬ್ಬಿ ಮೂಸಿದೆ. ಬಣ್ಣ ಬೆರೆಸಿದ್ದಾರೋ ಎಂದು ಕರವಸ್ತ್ರಕ್ಕೆ ಒರೆಸಿ ನೋಡಿದೆ, ಕರವಸ್ತ್ರ ಹಾಳಾಯಿತು. ಅವರು ಸಿಟ್ಟಾಗಲೇ ಇಲ್ಲ, ಅದೂ ನನಗೆ ಅನುಮಾನವೇ. ಸಾಚಾ ಮನುಷ್ಯನಾಗಿದ್ದರೆ ಅಷ್ಟು ಹೊತ್ತಿಗೆ ಸಿಟ್ಟು ಬರಬೇಕಿತ್ತು. ಪ್ರತಿ ಸಲ ಅವರು ಅತ್ತೆಯನ್ನು ಕೇಳುವುದು ಒಂದೇ: ಬಿಸಿ ಗೊತ್ತಾಗುತ್ತಿದೆಯಾ, ಜಾಸ್ತಿಯಾದರೆ ಹೇಳಿ ಎಂದು. ಅತ್ತೆ ಹೂಂ, ಬೆಚ್ಚಗಿದೆ ಎನ್ನುತ್ತಿದ್ದರು. ಒಂದು ದಿನ ಮೆಟ್ಟಿಲು ಇಳಿಯುವಾಗ ಒತ್ತಾಯ ಮಾಡಿ ಕೇಳಿದೆ.

“ಏನೂ ಅನ್ಸಲಿಲ್ಲ ಕಣೇ. ಅವ್ರಿಗೆ ಬೇಜಾರಾಗುತ್ತೆ ಅಂತ ಹೂಂ ಅಂದೆ” ಎಂದರು. ಸಿಕ್ಕಿಬಿದ್ದರಲ್ಲ ಡಾಕ್ಟರು ಎಂದುಕೊಂಡೆ.

ಶುಕ್ರವಾರ ಯೂನಿಫಾರ್ಮಿನಲ್ಲೇ ಅತ್ತೆಯನ್ನು ಕರೆದುಕೊಂಡು ಹೋಗಿ, ಕಾಯುತ್ತಿದ್ದವರ ಎದುರಿಗೇ, ನಿಮ್ಮ ಯಂತ್ರ ಸತ್ತಿದೆ, ನನ್ನ ಹತ್ತಿರ ನಿಮ್ಮ ಬೇಳೆ ಬೇಯುವುದಿಲ್ಲ ಎಂದುಬಿಟ್ಟೆ. ಅವರು ವಾದ ಮಾಡಲಿಲ್ಲ. ಲೋಹದ ತಲೆಯನ್ನು ಮೇಲಕ್ಕೆ ತಿರುಗಿಸಿ ಹಿಡಿದು ಅದರ ಮೇಲೆ ಒಂದು ಹನಿ ನೀರು ಬಿಟ್ಟರು. ನೀರು ಕುದಿಯುವ ಹಾಗೆ ಕುಣಿಯಿತು. ಆಮೇಲೆ ನನ್ನ ಮಣಿಕಟ್ಟಿಗೆ ಮುಲಾಮು ಹಚ್ಚಿ, ಅತ್ತೆಗೆ ಯಂತ್ರವನ್ನು ಎಷ್ಟಕ್ಕೆ ಇಡುತ್ತಿದ್ದರೋ ಅಷ್ಟಕ್ಕೇ ಇಟ್ಟು ಆಡಿಸಿದರು. ಮೊದಲು ಬೆಚ್ಚಗಾಯಿತು, ಆಮೇಲೆ ಬಿಸಿಯಾಯಿತು, ತಡೆಯಲಾರದೆ ಕೈ ಎಳೆದುಕೊಂಡೆ. ಹೋಯಿತು ನನ್ನ ಮಾನ. ಮುಲಾಮು ಒಳಗೆ ಹೋಗುತ್ತದೋ ಇಲ್ಲವೋ, ನನಗೆ ಈಗಲೂ ಅನುಮಾನವೇ, ಆದರೆ ಯಂತ್ರ ಮಾತ್ರ ಬದುಕಿದೆ. ಒಟ್ಟಿನಲ್ಲಿ ಆ ಚಿಕಿತ್ಸೆ ನಿಂತಿದೆ. ಅತ್ತೆ ಆರಾಮಾಗಿದ್ದಾರೆ. ನೀವು ಇಲ್ಲಿಯ ಚಿಂತೆ ಹಚ್ಚಿಕೊಳ್ಳದೆ, ಹಡಗಿನ ಕೆಲಸದ ಅವಧಿ ಮುಗಿಸಿಕೊಂಡೇ ಬರಬೇಕು ಎಂದು ಬರೆಯಲು ಹೇಳುತ್ತಿದ್ದಾರೆ. ಬರೆದಿದ್ದೇನೆ.

ಅಮ್ಮನ ಆಶೀರ್ವಾದ, ಮಗಳ ಹಲ್ಲಿಲ್ಲದ ಮುತ್ತು ಎರಡೂ ನಿಮಗೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ಯಾರನ್ನೂ ಸುಲಭಕ್ಕೆ ನಂಬದ,
ನಿಮ್ಮವಳೇ

ತಾ.ಕ.: ಸೋಮವಾರ. ರಜೆ ಕೇಳಲು ಡಿಪೋಗೆ ಬಂದವಳು ಇಲ್ಲೇ ನಿಂತು ಬರೆಯುತ್ತಿದ್ದೇನೆ. ಮೇಲಿನದು ಅತ್ತೆಗೆ ಓದಿ ಹೇಳಿದ ಪತ್ರ. ಚಿಕಿತ್ಸೆ ನಿಲ್ಲಿಸಿದವರು ನಾವಲ್ಲ, ಡಾಕ್ಟರು. ನಾನು ಕೈ ಎಳೆದುಕೊಂಡ ಕೂಡಲೇ ಅವರ ಮುಖ ಇಳಿಯಿತು. ಅತ್ತೆಗೆ ಕಣ್ಣು ಮುಚ್ಚಲು ಹೇಳಿ, ಹತ್ತಿಯಿಂದ, ಆಮೇಲೆ ಪಿನ್ನಿನಿಂದ ಬೆರಳು, ಅಂಗೈ, ಮಣಿಕಟ್ಟು ಮುಟ್ಟಿದರು. ಒಂದೂ ಗೊತ್ತಾಗಲಿಲ್ಲ. ಕೈ ಸುಟ್ಟುಹೋಗಿದ್ದರೂ ಇವರಿಗೆ ತಿಳಿಯುತ್ತಿರಲಿಲ್ಲ, ಮೊದಲ ದಿನವೇ ಹೀಗೆ ಪರೀಕ್ಷೆ ಮಾಡದೆ ಇವರ ಮಾತನ್ನೇ ನಂಬಿ ನಾನು ತಪ್ಪು ಮಾಡಿದೆ, ತಡ ಮಾಡದೆ ನರದ ಡಾಕ್ಟರಿಗೆ ತೋರಿಸಿ ಎಂದರು. ನರದ ಡಾಕ್ಟರ ಕಡೆಯವರು ಗುರುವಾರ ಬರಲು ಹೇಳಿದ್ದಾರೆ. ಅತ್ತೆಯ ಕೈ ಜೋಮು ಹಿಡಿದು ಬಹಳ ದಿನವಾಗಿದೆಯಂತೆ. “ಅವ್ನಿಗೆ ಗೊತ್ತಾದ್ರೆ ಕೆಲ್ಸ ಬಿಟ್ಟು ಓಡಿ ಬರ್ತಾನೆ, ಬರೀಬೇಡ” ಎಂದು ನನ್ನಿಂದ ಮಾತು ತೆಗೆದುಕೊಂಡರು.

ಇವತ್ತು ಬೆಳಿಗ್ಗೆ ಪುಟ್ಟಿ ಏಳಲಿಲ್ಲ. ಅತ್ತೆ ಅವಳ ಹಣೆಯ ಮೇಲೆ ಅಂಗೈ ಇಟ್ಟು, ಏನಿಲ್ಲ, ತಣ್ಣಗಿದೆ, ಶಾಲೆಗೆ ಕಳಿಸು ಎಂದರು. ನಾನು ಮುಟ್ಟಿದೆ, ಮಗುವಿನ ಮೈ ಸುಡುತ್ತಿತ್ತು. ಅತ್ತೆ ನನ್ನ ಮುಖ ನೋಡಿದರು. ಅಂಗೈ ತಿರುಗಿಸಿ ನೋಡಿಕೊಂಡರು. ಆಮೇಲೆ ಬಗ್ಗಿ, ಪುಟ್ಟಿಯ ಹಣೆಗೆ ತಮ್ಮ ಕೆನ್ನೆ ಒತ್ತಿ ಹಾಗೇ ಕೂತುಬಿಟ್ಟರು. ಔಷಧಿ ಕೊಟ್ಟಿದ್ದೇನೆ, ಜ್ವರ ಇಳಿಯುತ್ತಿದೆ, ಅದಕ್ಕೆ ಹೆದರಬೇಡಿ. ಆದರೆ ನನಗೆ ಭಯವಾಗುತ್ತಿದೆ ರೀ. ಅವರಿಗೆ ಕೊಟ್ಟ ಮಾತು ಮುರಿದಿದ್ದೇನೆ. ಬನ್ನಿ.