ಸೋಮವಾರದ ಬೀಗದ ಕೈ

ಭಾನುವಾರ, ಮಾರ್ಚ್ ೯

ಚರ್ಚಿನ ಕಚೇರಿ ನೋಡಿಕೊಳ್ಳುವ ನನ್ನ ಮಗಳು ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚುವುದನ್ನೇ ಬಿಟ್ಟಿದ್ದಾಳೆ. ಇಂದೂ ಎಲ್ಲರೂ ತಲೆ ಬಗ್ಗಿಸಿದಾಗ ಅವಳು ಮೈಕಿನ ವೈರನ್ನೂ ಉರಿಯದ ಬಲ್ಬನ್ನೂ ನೋಡುತ್ತಿದ್ದಳು. ಅದು ನನಗೆ ಹೇಗೆ ಕಂಡಿತು ಎಂಬುದು ದೇವರಿಗೂ ನನಗೂ ಬಿಟ್ಟ ವಿಷಯ.

ಆರು ತಿಂಗಳಿಂದ ಅವಳಿಗೆ ಒಂದು ದಿನವೂ ಬಿಡುವಿಲ್ಲ; ವಾರದ ರಜೆಯಾದ ಸೋಮವಾರವೂ ಏನಾದರೊಂದು ಕೆಲಸಕ್ಕೆ ಕರೆಯುತ್ತಾರೆ. ತಪ್ಪು ನನ್ನದೂ ಇದೆ. ನಮ್ಮ ಮನೆಯವರ ಬಾಯಲ್ಲಿ ‘ಆಗೋದಿಲ್ಲ’ ಎಂಬ ಮಾತು ಬರಕೂಡದು ಎಂದು ಬೆಳೆಸಿದವಳು ನಾನೇ.

ಸಂಜೆ ಪಾದ್ರಿಗಳು ಮನೆಗೆ ಬಂದು, “ನಾಳೆ ಸಭೆ ಇದೆ, ಬೇಗ ಬಾಗಿಲು ತೆಗೀಬೇಕಮ್ಮ” ಎಂದರು.

ಮಗಳು ಬೀಗದ ಕೈಗೊಂಚಲನ್ನು ಅವರ ಚಹಾದ ಪಕ್ಕ ಇಟ್ಟಳು. “ನನ್ನಿಂದ ಆಗೋದಿಲ್ಲ. ತುಂಬಾ ಸುಸ್ತಾಗಿದೀನಿ. ಇನ್ಮೇಲೆ ಯಾವ ಸೋಮವಾರಾನೂ ಬರೋದಿಲ್ಲ.”

ನಾನು ಗದರುತ್ತೇನೆಂದುಕೊಂಡು ಪಾದ್ರಿಗಳು ನನ್ನತ್ತ ತಿರುಗಿದರು. “ನೀವಾದ್ರೂ ಹೇಳೀಮ್ಮಾ.”

“ಹೇಳ್ತೀನಿ. ಚಹಾ ಆರ್ತಿದೆ, ಕುಡೀರಿ. ಹೋಗೋವಾಗ ಬೀಗದ ಕೈ ಮರೀಬೇಡಿ.”

ನನ್ನ ಮಗಳು ನನ್ನೆದುರೇ ನನ್ನ ಮಾತು ಮುರಿದಳು. ಅವಳು ಹುಟ್ಟಿದ ದಿನದ ನಂತರ ನನ್ನ ಎದೆ ಇಷ್ಟು ಉಬ್ಬಿದ್ದು ಇವತ್ತೇ. ಹಾಗೆಂದು ಅವಳಿಗೆ ಹೇಳಿಲ್ಲ, ಹೇಳಿದರೆ ತಲೆಯ ಮೇಲೆ ಕೂರುತ್ತಾಳೆ. ಅವಳ ಅಲಾರಂ ಗಡಿಯಾರವನ್ನು ಮಾತ್ರ ತಂದು ನನ್ನ ದಿಂಬಿನಡಿ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ ಐದಕ್ಕೆ ಹೊಡೆದುಕೊಂಡರೆ ನನ್ನ ಕಿವಿಯಲ್ಲೇ ಹೊಡೆದುಕೊಳ್ಳಲಿ.